ಐದು ಜನ, ಹತ್ತೊಂಬತ್ತು ಕೋಟಿ ದಾರಿ

ಕೊಕ್ಕೆ ಹಾರಿತು. ಮರಗಳ ಮರೆಯ ಕತ್ತಲಿನಿಂದ, ಉದ್ದನೆಯ ಸರಪಳಿಯ ತುದಿಯಲ್ಲಿ, ಕಟುಕನ ಕಬ್ಬಿಣದ ಕೊಕ್ಕೆ. ಎಸೆದವನ ಹೆಸರು ಪಜ್. ಹೊಟ್ಟೆಯ ಮೇಲೆ ಹೊಲಿಗೆ ಎದ್ದು ಕಾಣುವ, ನೋಡಿದರೆ ಹೇಸಿಗೆಯಾಗುವ ದಡಿಯ ಅವನು. ಕೊಕ್ಕೆಗೆ ಯಾರು ಸಿಕ್ಕರೋ ಅವರು ದರದರನೆ ಎಳೆಸಿಕೊಂಡು ಬಂದು ಅವನ ಕಾಲಬುಡದಲ್ಲಿ ಬೀಳಬೇಕು, ಅದು ಆಟದ ನಿಯಮ. ಎದುರಾಳಿಯ ಹೀರೋ ಕೊಕ್ಕೆಗೆ ಸಿಕ್ಕಿಯೇಬಿಟ್ಟ. ಆದರೆ ಪಜ್ ಎಲ್ಲಿ? ಎಸೆದ ಜಾಗದಲ್ಲಿ ಅವನಿಲ್ಲ! ಕೊಕ್ಕೆ ಗಾಳಿಯಲ್ಲಿದ್ದ ಆ ಅರೆಗಳಿಗೆಯಲ್ಲಿ ಅವನು ಮಾಯವಾಗಿ, ಮೈದಾನದ ಇನ್ನೊಂದು ತುದಿಯಲ್ಲಿರುವ ತನ್ನ ತಂಡದ ಕಾರಂಜಿಯ ಬಳಿ ನಿಂತಿದ್ದಾನೆ. ಆ ಕಾರಂಜಿಯೋ, ತನ್ನವರ ಗಾಯ ಮಾಯಿಸುತ್ತದೆ, ಪರರು ಹತ್ತಿರ ಸುಳಿದರೆ ಸುಟ್ಟು ಹಾಕುತ್ತದೆ. ಪಾಪ, ಸಿಕ್ಕಿಬಿದ್ದ ಹೀರೋ ಇಡೀ ಮೈದಾನದ ಉದ್ದಕ್ಕೂ ಎಳೆಯಲ್ಪಟ್ಟು ನೇರವಾಗಿ ಆ ಬೆಂಕಿಯ ಬಾಯಿಗೆ ಬಂದು ಬಿದ್ದ. ಸತ್ತ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ. ಅದೇ ಕೊಕ್ಕೆ, ಅದೇ ಮಾಯ, ಅದೇ ಸಾವು.

ಇದು ನಡೆದದ್ದು 2013ರ ಆಗಸ್ಟ್‌ನಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ, ಸಿಂಫನಿ ಸಂಗೀತಕ್ಕೆಂದು ಕಟ್ಟಿದ ಬೆನಾರೋಯಾ ಹಾಲ್‌ನಲ್ಲಿ. ಡೋಟಾ 2 ಎಂಬ ಕಂಪ್ಯೂಟರ್ ಆಟದ ವಿಶ್ವಕೂಟ, ಹೆಸರು ದಿ ಇಂಟರ್‌ನ್ಯಾಷನಲ್. ಉಕ್ರೇನಿನ ನಾಟುಸ್ ವಿನ್ಸೆರೆ ತಂಡ ಚೀನಾದ ಟೋಂಗ್‌ಫೂ ಎದುರು ಆಡುತ್ತಿತ್ತು. ಪಜ್‌ನನ್ನು ಆಡಿಸುತ್ತಿದ್ದವನು ಡೆಂಡಿ ಎಂದು ಹೆಸರಾದ ಡ್ಯಾನಿಲ್ ಇಶುತಿನ್. ಅವನನ್ನು ಮಾಯ ಮಾಡುತ್ತಿದ್ದವನು ತಂಡದ ನಾಯಕ ಪಪ್ಪಿ, ಅಂದರೆ ಎಸ್ಟೋನಿಯಾದ ಕ್ಲೆಮೆಂಟ್ ಇವಾನೋವ್. ಅವನ ಕೈಯಲ್ಲಿದ್ದ ಹೀರೋ ಚೆನ್. ಚೆನ್‌ಗೆ ಆಗ ಒಂದು ವಿದ್ಯೆ ಬರುತ್ತಿತ್ತು: ಗಾಯಗೊಂಡ ಗೆಳೆಯನನ್ನು ಮನೆಗೆ, ಕಾರಂಜಿಯ ಬಳಿಗೆ, ಕಳಿಸಿಕೊಡುವುದು. ಹೇಳಿದ ತಕ್ಷಣ ಆಗುತ್ತಿರಲಿಲ್ಲ, ಕೆಲವು ಸೆಕೆಂಡು ಹಿಡಿಯುತ್ತಿತ್ತು. ಆ ಸೆಕೆಂಡುಗಳು ಮುಗಿಯಲು ಕಣ್ಣೆವೆ ಬಡಿಯುವಷ್ಟು ಹೊತ್ತು ಉಳಿದಿರುವಾಗ ಡೆಂಡಿ ಕೊಕ್ಕೆ ಎಸೆಯಬೇಕಿತ್ತು. ಒಂದಿಷ್ಟು ಮುಂಚೆಯಾದರೆ ಬಲಿ ಕಾಡಿನಲ್ಲೇ ಬಂದು ಬೀಳುತ್ತಿತ್ತು. ಒಂದಿಷ್ಟು ತಡವಾದರೆ ಪಜ್ ಬರಿಗೈಯಲ್ಲಿ ಮನೆ ಸೇರುತ್ತಿದ್ದ.

ಆ ಆಟದ ರೀಪ್ಲೇ ನೋಡಿದಾಗ ನನಗೆ ಮೊದಲು ನಗು ಬಂತು, ಆಮೇಲೆ ರೋಮಾಂಚನವಾಯಿತು. ಯೋಚಿಸಿ ನೋಡಿ. ಪಜ್‌ನ ವಿದ್ಯೆಗಳ ಪಟ್ಟಿಯಲ್ಲಿ ಹೀಗೊಂದಿಲ್ಲ. ಚೆನ್‌ನ ಪಟ್ಟಿಯಲ್ಲೂ ಇಲ್ಲ. ಒಬ್ಬನದು ಎಳೆಯುವ ವಿದ್ಯೆ, ಇನ್ನೊಬ್ಬನದು ಶುಶ್ರೂಷೆ. ಎರಡನ್ನೂ ಒಂದೇ ಕ್ಷಣಕ್ಕೆ ತಂದು ನಿಲ್ಲಿಸಿದರೆ ಮೂರನೆಯದೊಂದು ಆಯುಧ ಹುಟ್ಟುತ್ತದೆ! ಇದು ಮೋಸವೋ ಜಾಣ್ಮೆಯೋ ಎಂದು ಅಭಿಮಾನಿಗಳು ಕಿತ್ತಾಡಿದರು. ಆಟ ತಯಾರಿಸಿದ ವಾಲ್ವ್ ಕಂಪನಿ ಆಮೇಲೆ ಅಪ್‌ಡೇಟ್ ಮಾಡಿ ಆ ದಾರಿ ಮುಚ್ಚಿತು. ಮುಚ್ಚಿದ್ದು ಒಂದು ದಾರಿಯನ್ನು. ಅಂಥವು ಇನ್ನೆಷ್ಟಿವೆ ಎಂಬ ಲೆಕ್ಕಕ್ಕೆ ಕೈ ಹಾಕಿದರೆ ತಲೆ ಗಿರ್ರೆನ್ನುತ್ತದೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಐದು ಜನರ ಎರಡು ತಂಡ. ಮೈದಾನದ ಎರಡು ಮೂಲೆಗಳಲ್ಲಿ ಎರಡು ಕೋಟೆ. ನಡುವೆ ಮೂರು ದಾರಿ, ಅವುಗಳ ಮಧ್ಯೆ ಕಾಡು, ಅಡ್ಡಲಾಗಿ ಒಂದು ಹೊಳೆ. ಎದುರಾಳಿಯ ಕೋಟೆಯೊಳಗಿನ ಏನ್ಷೆಂಟ್ ಎಂಬ ಗುಡಿಯಂಥ ಕಟ್ಟಡ ಉರುಳಿಸಿದವರು ಗೆದ್ದರು. 2003ರ ಹೊತ್ತಿಗೆ ವಾರ್‌ಕ್ರಾಫ್ಟ್ 3 ಎಂಬ ಬೇರೊಂದು ಆಟದೊಳಗೆ ಹವ್ಯಾಸಿಗಳು ಸುಮ್ಮನೆ ಖುಷಿಗೆ ಕಟ್ಟಿಕೊಂಡ ಮೈದಾನ ಇದು. ಕೈಯಿಂದ ಕೈಗೆ ದಾಟುತ್ತಾ, ಐಸ್‌ಫ್ರಾಗ್ ಎಂಬ ಗುಪ್ತನಾಮದ ವ್ಯಕ್ತಿಯ ಕೈಯಲ್ಲಿ ವರ್ಷಾನುಗಟ್ಟಲೆ ತಿದ್ದಿಸಿಕೊಂಡು, 2013ರಲ್ಲಿ ಡೋಟಾ 2 ಆಗಿ ಅಧಿಕೃತವಾಗಿ ಹೊರಬಂತು.

ಡೋಟಾದಲ್ಲಿ ಆರಿಸಿಕೊಳ್ಳಲು ಇರುವ ಹೀರೋಗಳು 120ಕ್ಕೂ ಹೆಚ್ಚು. 120 ಎಂದೇ ಇಟ್ಟುಕೊಳ್ಳೋಣ. ಅವರಲ್ಲಿ ಐವರ ಒಂದು ತಂಡವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? 19,05,78,024 ಬಗೆಯಲ್ಲಿ. ಹತ್ತೊಂಬತ್ತು ಕೋಟಿ! ಒಂದು ತಂಡ ಆರಿಸಿದವರನ್ನು ಇನ್ನೊಂದು ತಂಡ ಮುಟ್ಟುವಂತಿಲ್ಲ. ಉಳಿದ 115ರಲ್ಲಿ ಎದುರಾಳಿಗೆ 15 ಕೋಟಿಗೂ ಮೀರಿದ ಆಯ್ಕೆ. ಎರಡನ್ನೂ ಗುಣಿಸಿದರೆ 29ರ ಮುಂದೆ ಹದಿನೈದು ಸೊನ್ನೆ. ಸೆಕೆಂಡಿಗೊಂದರಂತೆ ನೋಡುತ್ತಾ ಕುಳಿತರೂ 90 ಕೋಟಿ ವರ್ಷ ಮೀರುತ್ತದೆ. ಇಷ್ಟು ದೊಡ್ಡ ಸಾಗರದಲ್ಲಿ ಮೀನು ಹಿಡಿಯಲು ತಂಡದ ನಾಯಕನಿಗೆ ಸಿಗುವುದು ಆಟಕ್ಕೆ ಮುಂಚಿನ ಕೆಲವೇ ನಿಮಿಷ.

ಹಾಗಾದರೆ ಬಲಶಾಲಿ ಐವರನ್ನು ಎತ್ತಿಕೊಂಡರೆ ಮುಗಿಯಿತಲ್ಲ? ಇಲ್ಲ, ಮುಗಿಯುವುದು ಅವರ ಕಥೆಯೇ. ಬೆಂಗಳೂರಿನ ಯಾವುದೇ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ರಾತ್ರಿ ಎರಡರವರೆಗೆ ಲ್ಯಾನ್ ಹಾಕಿ ಆಡಿದವರನ್ನು ಕೇಳಿ, "ಐದೂ ಜನ ಕ್ಯಾರಿ ತಗೊಂಡ್ರೆ ಸೋತ್ವಿ ಮಗಾ" ಎನ್ನುತ್ತಾರೆ. ಯಾಕೆಂದರೆ ಈ ಮೈದಾನದಲ್ಲಿ ಚಿನ್ನಕ್ಕೆ ಬರ. ಮೂವತ್ತು ಸೆಕೆಂಡಿಗೊಮ್ಮೆ ಕೋಟೆಯಿಂದ ಪುಟ್ಟ ಕಾಲಾಳುಗಳ ಸಾಲು ಹೊರಡುತ್ತದೆ. ಎದುರು ಪಾಳೆಯದ ಕಾಲಾಳಿಗೆ ಕೊನೆಯ ಪೆಟ್ಟು ಯಾರದೋ ಅವರಿಗೆ ಮಾತ್ರ ಚಿನ್ನ. ನೂರು ಪೆಟ್ಟು ಕೊಟ್ಟು ಕೊನೆಯದನ್ನು ತಪ್ಪಿಸಿಕೊಂಡವರಿಗೆ ಏನೂ ಇಲ್ಲ. ಇನ್ನೂ ತಮಾಷೆ ಕೇಳಿ: ಎದುರಾಳಿಗೆ ಚಿನ್ನ ಸಿಗಬಾರದೆಂದು ನಮ್ಮದೇ ಕಾಲಾಳನ್ನು ನಾವೇ ಹೊಡೆದು ಹಾಕಬಹುದು! ಅದಕ್ಕೆ ಡಿನೈ ಎನ್ನುತ್ತಾರೆ. ಹೀಗೆ ಒಂದು ದಾರಿಯಲ್ಲಿ ಹುಟ್ಟುವ ಚಿನ್ನ ಒಬ್ಬನನ್ನು ಸಾಕುತ್ತದೆ, ಇಬ್ಬರನ್ನು ಉಪವಾಸ ಕೆಡವುತ್ತದೆ.

ಬಡವರ ಮನೆಯಲ್ಲಿ ಐದು ಮಕ್ಕಳಿದ್ದು ಒಬ್ಬನನ್ನು ಮಾತ್ರ ಕಾಲೇಜಿಗೆ ಕಳಿಸಲು ಸಾಧ್ಯವಾದಾಗ ಏನಾಗುತ್ತದೋ, ಇಲ್ಲಿಯೂ ಅದೇ. ಓದುವವನನ್ನು ಪೊಸಿಷನ್ ಒನ್ ಎನ್ನುತ್ತಾರೆ, ಆಡುಮಾತಿನಲ್ಲಿ ಕ್ಯಾರಿ. ಮೊದಲ ಇಪ್ಪತ್ತು ನಿಮಿಷ ಅವನಿಂದ ಮೂರು ಕಾಸಿನ ಉಪಯೋಗವಿಲ್ಲ, ಜಗಳ ಕಂಡರೆ ಓಡುತ್ತಾನೆ, ಮೂಲೆಯಲ್ಲಿ ಚಿನ್ನ ಕೂಡಿಡುತ್ತಾನೆ. ಉಳಿದ ನಾಲ್ವರು ಹೊರಗೆ ಪೆಟ್ಟು ತಿನ್ನುತ್ತಾರೆ. ನಡುದಾರಿಯಲ್ಲಿ ಒಂಟಿಯಾಗಿ ಎದುರಾಳಿಯೊಂದಿಗೆ ಮುಖಾಮುಖಿ ನಿಲ್ಲುವವನು ಎರಡನೆಯವನು, ಮಿಡ್. ಎದುರಾಳಿಯ ಕ್ಯಾರಿ ಇರುವ ದಾರಿಗೇ ನುಗ್ಗಿ, ಅವನ ಓದು ಕೆಡಿಸುವುದೇ ಕಸುಬಾದ ಮೊಂಡ ಮೂರನೆಯವನು, ಆಫ್‌ಲೇನರ್. ನಾಲ್ಕನೆಯವನು ಅಲೆಮಾರಿ. ಐದನೆಯವನು... ಐದನೆಯವನ ಬಗ್ಗೆ ನಿಧಾನವಾಗಿ ಹೇಳಬೇಕು.

ಅವನ ಬಳಿ ಕಾಸಿಲ್ಲ. ಇದ್ದಷ್ಟರಲ್ಲಿ ಹೊಗೆಪುಡಿ, ಬೂದಿಪುಡಿ ಕೊಳ್ಳುತ್ತಾನೆ. ಕತ್ತಲು ಕವಿದ ಈ ಮೈದಾನದಲ್ಲಿ ಸ್ನೇಹಿತರಿಗೆ ದಾರಿ ಕಾಣಲಿ ಎಂದು ವಾರ್ಡ್ ಎಂಬ ಕಣ್ಣುಗಳನ್ನು ನೆಟ್ಟು ಬರುತ್ತಾನೆ. ನೆಡಲು ಹೋದಲ್ಲೇ ಎಷ್ಟೋ ಸಲ ಸಾಯುತ್ತಾನೆ. ಈ ಕೆಲಸಕ್ಕೆ ಹೆಸರಾದ ಹೀರೋ ಕ್ರಿಸ್ಟಲ್ ಮೇಡನ್, ಹಿಮದ ಹುಡುಗಿ. ನಡಿಗೆ ಆಮೆಯದು, ಎರಡು ಪೆಟ್ಟಿಗೆ ನೆಲಕಚ್ಚುತ್ತಾಳೆ. ಆದರೆ ಅವಳು ಜೀವಂತ ಇರುವುದೇ ಒಂದು ವಿದ್ಯೆ. ಮೈದಾನದ ಯಾವ ಮೂಲೆಯಲ್ಲಿ ನಿಂತಿದ್ದರೂ ಸರಿ, ತಂಡದ ಉಳಿದ ನಾಲ್ವರಿಗೂ ಮಂತ್ರಶಕ್ತಿ ಬೇಗ ಬೇಗ ತುಂಬುತ್ತಿರುತ್ತದೆ. ಎಲ್ಲೋ ಪೊದೆಯ ಹಿಂದೆ ಅವಳು ಅಡಗಿ ಕುಳಿತಿದ್ದಾಳೆ, ಅದಕ್ಕೇ ಇಲ್ಲಿ ನಡುದಾರಿಯಲ್ಲಿ ಅವಳ ಗೆಳೆಯ ಒಂದು ಸಿಡಿಲು ಹೆಚ್ಚಿಗೆ ಹೊಡೆಯುತ್ತಾನೆ! ಅಂಕಪಟ್ಟಿಯಲ್ಲಿ ಆ ಸಿಡಿಲು ಅವಳ ಹೆಸರಿಗೆ ಬರುವುದಿಲ್ಲ.

ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಇದು: ಈ ಒಂದರಿಂದ ಐದರ ಶ್ರೇಣಿಯನ್ನು ಆಟ ಕಟ್ಟಿದವರು ಬರೆದಿಟ್ಟಿರಲಿಲ್ಲ. ಲಕ್ಷಾಂತರ ಹುಡುಗರು ಸೋತು, ಬೈದಾಡಿಕೊಂಡು, ಮತ್ತೆ ಆಡಿ, ಬರಗಾಲದ ಲೆಕ್ಕಾಚಾರವನ್ನು ತಾವೇ ಕಂಡುಕೊಂಡರು. ಕಂಪನಿ 2019ರಲ್ಲಿ ಬಂದು, ಆಡುವ ಮುಂಚೆ ನಿಮ್ಮ ಪಾತ್ರ ಆರಿಸಿಕೊಳ್ಳಿ ಎಂಬ ಸೌಲಭ್ಯ ಕೊಟ್ಟಿತು. ರೂಢಿ ಮೊದಲು, ಕಾಯ್ದೆ ಆಮೇಲೆ.

ಇನ್ನು ಡ್ರಾಫ್ಟ್. ನಾನಂತೂ ಈಗ ಆಟಕ್ಕಿಂತ ಡ್ರಾಫ್ಟನ್ನೇ ಹೆಚ್ಚು ಆಸೆಯಿಂದ ನೋಡುತ್ತೇನೆ. ಆಟ ಶುರುವಾಗುವ ಮುಂಚೆ ಇಬ್ಬರು ನಾಯಕರು ಸರದಿಯಂತೆ ಹೀರೋಗಳನ್ನು ಬ್ಯಾನ್ ಮಾಡುತ್ತಾರೆ, ಆರಿಸುತ್ತಾರೆ, ಮತ್ತೆ ಬ್ಯಾನ್, ಮತ್ತೆ ಆಯ್ಕೆ. ಗಡಿಯಾರ ಓಡುತ್ತಿರುತ್ತದೆ. ಒಂದು ಹೆಸರು ತೋರಿಸಿದರೆ ಉದ್ದೇಶ ಬಯಲಾಯಿತು. ಅದಕ್ಕೆ ಮದ್ದು ಎದುರಾಳಿಯ ಬಳಿ ಇದ್ದೇ ಇರುತ್ತದೆ. ಫ್ಯಾಂಟಮ್ ಲ್ಯಾನ್ಸರ್ ಎಂಬ ಹೀರೋ ಇದ್ದಾನೆ. ಹೊಡೆಯುತ್ತಾ ಹೊಡೆಯುತ್ತಾ ತನ್ನ ಪ್ರತಿರೂಪಗಳಿಂದ ರಣರಂಗ ತುಂಬಿಸಿಬಿಡುತ್ತಾನೆ, ನಿಜವಾದವನು ಯಾರೆಂದು ತಿಳಿಯದೆ ಎದುರಾಳಿ ಕಂಗಾಲು. ಅವನ ಎದುರಿಗೆ ಅರ್ಥ್‌ಶೇಕರ್‌ನನ್ನು ತಂದು ನಿಲ್ಲಿಸಿ ನೋಡಿ! ಇವನು ನೆಲಕ್ಕೆ ಗುದ್ದಿದರೆ ಸುತ್ತ ಇರುವ ಪ್ರತಿಯೊಬ್ಬ ಶತ್ರುವಿನಿಂದಲೂ ಒಂದೊಂದು ಪ್ರತಿಧ್ವನಿ ಎದ್ದು ಅಕ್ಕಪಕ್ಕದವರಿಗೆ ಬಡಿಯುತ್ತದೆ. ಪ್ರತಿರೂಪ ಹೆಚ್ಚಿದಷ್ಟೂ ಪ್ರತಿಧ್ವನಿ ಹೆಚ್ಚು. ಲ್ಯಾನ್ಸರ್‌ನ ಸೈನ್ಯವೇ ಲ್ಯಾನ್ಸರ್‌ನ ಗೋರಿ.

ಇದೇ ಅರ್ಥ್‌ಶೇಕರ್ 2015ರ ಆಗಸ್ಟ್ 8ರಂದು ಸಿಯಾಟಲ್‌ನ ಕೀ ಅರೀನಾದಲ್ಲಿ ಮಾಡಿದ್ದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಐದನೇ ಇಂಟರ್‌ನ್ಯಾಷನಲ್‌ನ ಫೈನಲ್, ಅಮೆರಿಕದ ಈವಿಲ್ ಜೀನಿಯಸಸ್ ಮತ್ತು ಚೀನಾದ ಸಿಡಿಇಸಿ. ನಾಲ್ಕನೇ ಆಟ. ಹೊಳೆಯ ದಡದಲ್ಲಿ ರೋಶನ್ ಎಂಬ ರಾಕ್ಷಸನ ಗುಹೆಯಿತ್ತು. ಒಂದೇ ಬಾಯಿ, ಒಳಗೆ ಇಕ್ಕಟ್ಟು. ಸಿಡಿಇಸಿಯ ಐವರೂ ಆ ಇಕ್ಕಟ್ಟಿಗೆ ನುಗ್ಗಿದರು. ಅಮೆರಿಕದ ತಂಡದ ನಾಯಕ ಪಿಪಿಡಿ ಆಡಿಸುತ್ತಿದ್ದದ್ದು ಏನ್ಷೆಂಟ್ ಅಪರಿಶನ್ ಎಂಬ ಹಿಮಭೂತವನ್ನು. ಅದರ ಹಿಮಗೋಳ ತಗುಲಿದವರಿಗೆ ಸ್ವಲ್ಪ ಹೊತ್ತು ಗಾಯ ಮಾಯುವುದಿಲ್ಲ. ಜೀವ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಚೂರಾಗಿ ಒಡೆದು ಹೋಗುತ್ತಾರೆ. ಗೋಳ ಗುಹೆಗೆ ಬಿತ್ತು. ಅದರ ಬೆನ್ನಿಗೇ ಯೂನಿವರ್ಸ್ ಎಂಬ ಆಟಗಾರನ ಅರ್ಥ್‌ಶೇಕರ್ ಒಳಗೆ ಜಿಗಿದು ನೆಲಕ್ಕೆ ಗುದ್ದಿದ. ಐವರು, ಒತ್ತೊತ್ತಾಗಿ, ಗೋಡೆಗಳ ನಡುವೆ! ಪ್ರತಿಧ್ವನಿಯ ಮೇಲೆ ಪ್ರತಿಧ್ವನಿ. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಚೀನಾದ ತಂಡದ ಕನಸು ಬಹುಪಾಲು ಮುಗಿದಿತ್ತು. ಗೆದ್ದವರಿಗೆ ಸಿಕ್ಕಿದ್ದು 66 ಲಕ್ಷ ಡಾಲರ್ ಸುಮಾರಿನ ಬಹುಮಾನ, ಹಾಗಾಗಿ ಆ ಗುದ್ದಿಗೆ ಅರವತ್ತು ಲಕ್ಷ ಡಾಲರಿನ ಗುದ್ದು ಎಂದೇ ಹೆಸರು ಬಿತ್ತು. ಎಲ್ಲರೂ ಯೂನಿವರ್ಸ್‌ನನ್ನು ಕೊಂಡಾಡುತ್ತಾರೆ. ನನ್ನ ಕಣ್ಣು ಆ ಹಿಮಗೋಳದ ಮೇಲಿರುತ್ತದೆ.

ಮನುಷ್ಯರ ಮಾತು ಇಷ್ಟಾಯಿತು. ಯಂತ್ರಕ್ಕೆ ಈ ಆಟ ಕಲಿಸಿದರೆ?

ಓಪನ್‌ಎಐ ಸಂಸ್ಥೆ ಅದನ್ನೇ ಮಾಡಿತು. ಓಪನ್‌ಎಐ ಫೈವ್ ಎಂಬ ಐದು ಯಂತ್ರಬುದ್ಧಿಗಳು ತಮ್ಮೊಂದಿಗೆ ತಾವೇ ಆಡುತ್ತಾ, ದಿನಕ್ಕೆ 180 ವರ್ಷದಷ್ಟು ಆಟ ಆಡಿ ಕಲಿತವು. ದಿನಕ್ಕೆ 180 ವರ್ಷ! ಅವು ಪರಸ್ಪರ ಮಾತಾಡಿಕೊಳ್ಳಲು ಯಾವ ದಾರಿಯನ್ನೂ ಕೊಟ್ಟಿರಲಿಲ್ಲ. ಬದಲಿಗೆ ವಿಜ್ಞಾನಿಗಳು ಒಂದು ಸಂಖ್ಯೆ ಇಟ್ಟಿದ್ದರು, ಅದಕ್ಕೆ ಕೊಟ್ಟ ಹೆಸರು ಟೀಮ್ ಸ್ಪಿರಿಟ್. ಅದು ಸೊನ್ನೆಯಾದರೆ ಪ್ರತಿ ಹೀರೋಗೂ ತನ್ನ ಲಾಭವೇ ಲಾಭ. ಒಂದಾದರೆ ತನಗೆ ಸಿಕ್ಕಿದ್ದೂ ತಂಡಕ್ಕೆ ಸಿಕ್ಕಿದ್ದರ ಸರಾಸರಿಯೇ. ಕಲಿಕೆ ಮುಂದುವರಿದಂತೆ ಆ ಸಂಖ್ಯೆಯನ್ನು ಮೆಲ್ಲಗೆ ಏರಿಸುತ್ತಾ ಹೋದರು: ಮೊದಲು ಸ್ವಾರ್ಥದಿಂದ ಕೈಕಾಲು ಆಡಿಸುವುದನ್ನು ಕಲಿಯಲಿ, ಆಮೇಲೆ ಹಂಚಿಕೊಳ್ಳಲಿ. ನಾವೆಲ್ಲ ತಂಡಸ್ಫೂರ್ತಿ ಎಂದು ಭಾಷಣ ಬಿಗಿಯುತ್ತೇವಲ್ಲ, ಅದನ್ನು ಇವರು ರೇಡಿಯೋದ ವಾಲ್ಯೂಮಿನಂತೆ ತಿರುಗಿಸುತ್ತಿದ್ದರು.

ಹಾಗೆ ಕಲಿತ ಯಂತ್ರ ಹುಡುಗರ ರೂಢಿಯನ್ನೇ ಅಲ್ಲಾಡಿಸಿತು. ಸಪೋರ್ಟ್ ಎಂದು ಕರೆಯುವ ನಾಲ್ಕು, ಐದನೆಯ ಜಾಗದ ಬಡಪಾಯಿ ಹೀರೋಗಳಿಗೂ ಆರಂಭದಲ್ಲೇ ಕೈತುಂಬ ಚಿನ್ನ ಕೊಟ್ಟಿತು. ಒಬ್ಬನನ್ನು ಸಾಕುತ್ತಾ ಕಾಯುವ ಬದಲು ಐವರೂ ಬೇಗ ಬಲಿತು, ಬೇಗ ನುಗ್ಗಿ, ಬೇಗ ಮುಗಿಸಬೇಕೆಂಬ ಲೆಕ್ಕ. 2018ರ ಆಗಸ್ಟ್ 5ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಜಿ ವೃತ್ತಿಪರರಿದ್ದ ಬಲವಾದ ತಂಡವೊಂದು ಅದರ ಎದುರು ಕುಳಿತಿತು. ಯಂತ್ರಕ್ಕೆ ಗೊತ್ತಿದ್ದದ್ದು 18 ಹೀರೋಗಳು ಮಾತ್ರ, ಆದರೂ 1 ಕೋಟಿ 10 ಲಕ್ಷ ಬಗೆಯ ಡ್ರಾಫ್ಟ್ ಸಾಧ್ಯ. ಮೊದಲ ಆಟದ ಡ್ರಾಫ್ಟ್ ಮುಗಿದಾಗ, ಇನ್ನೂ ಒಂದು ಕಾಲಾಳೂ ಹೆಜ್ಜೆ ಇಡುವ ಮುಂಚೆ, ತನ್ನ ಗೆಲುವಿನ ಸಾಧ್ಯತೆ ಶೇ. 95 ಎಂದು ಯಂತ್ರ ಹೇಳಿತು. ಗೆದ್ದಿತು. ಎರಡನೆಯದಕ್ಕೆ ಶೇ. 76.2 ಎಂದಿತು. ಅದನ್ನೂ ಗೆದ್ದಿತು. ಆಗ ಒಂದು ಕುಚೋದ್ಯ ನಡೆಯಿತು. ಮೂರನೇ ಆಟಕ್ಕೆ ಯಂತ್ರದ ಹೀರೋಗಳನ್ನು ಪ್ರೇಕ್ಷಕರೇ ಆರಿಸಿದರು, ಬೇಕೆಂದೇ, ಒಬ್ಬರಿಗೊಬ್ಬರು ಹೊಂದದ ಐವರನ್ನು. ಯಂತ್ರ ಆ ಪಟ್ಟಿ ನೋಡಿತು. ಗೆಲುವಿನ ಸಾಧ್ಯತೆ: ಶೇ. 2.9. ಸೋತಿತು!

ಇದನ್ನು ಓದಿದ ದಿನ ನಾನು ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಾ ತಿರುಗಿದೆ. ಅದೇ ಬುದ್ಧಿ, ಅದೇ ಬೆರಳು, ಅದೇ ಸಾವಿರಾರು ವರ್ಷಗಳ ಅಭ್ಯಾಸ. ಬದಲಾದದ್ದು ಐದು ಹೆಸರು. ಸಾಮರ್ಥ್ಯ ಎನ್ನುವುದು ಆಡುವವನ ಒಳಗಿದೆ ಎಂದುಕೊಂಡಿದ್ದೆವು. ಅದರ ದೊಡ್ಡ ಪಾಲು ಪಕ್ಕದವರ ಬಳಿ ಇದೆ ಎಂದು ಯಂತ್ರ ದಶಮಾಂಶ ಸಮೇತ ತೋರಿಸಿಕೊಟ್ಟಿತು.

ಅದೇ 2018ರ ಆಗಸ್ಟ್‌ನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಇನ್ನೊಂದು ಬೆರಗು. ಯುರೋಪಿನ ಓಜಿ ತಂಡದಿಂದ ಮೇ ಕೊನೆಯಲ್ಲಿ ಇಬ್ಬರು ಎದ್ದು ಹೋಗಿದ್ದರು. ವಿಶ್ವಕೂಟ ಬಾಗಿಲಲ್ಲಿದೆ, ತಂಡ ಅರೆಬರೆ. ಕೋಚ್ ಆಗಿದ್ದ ಫ್ರಾನ್ಸಿನ ಸೆಬ್ ತಾನೇ ಆಡಲು ಕುಳಿತ. ವಿರಾಮದಲ್ಲಿದ್ದ ಆಸ್ಟ್ರೇಲಿಯಾದ ಆನಾ ಮರಳಿ ಬಂದ. ದೊಡ್ಡ ವೇದಿಕೆಯ ಅನುಭವವೇ ಇಲ್ಲದ ಫಿನ್ಲೆಂಡಿನ ಟಾಪ್ಸನ್ ಮಿಡ್‌ಗೆ ಬಂದ. ಯಾರು ಬೇಕಾದರೂ ಆಡಬಹುದಾದ ಮುಕ್ತ ಅರ್ಹತಾ ಸುತ್ತಿನಿಂದ ಹತ್ತಿ ಬಂದ ಈ ಐವರು ಫೈನಲ್‌ನಲ್ಲಿ ಚೀನಾದ ಪಿಎಸ್‌ಜಿ.ಎಲ್‌ಜಿಡಿಯನ್ನು 3-2ರಿಂದ ಸೋಲಿಸಿದರು. 2019ರ ಏಪ್ರಿಲ್‌ನಲ್ಲಿ, ಆ ಹೊತ್ತಿಗೆ ಇನ್ನಷ್ಟು ಪಳಗಿದ್ದ ಯಂತ್ರಕ್ಕೆ ಇದೇ ಓಜಿ 2-0ರಿಂದ ಸೋತಿತು. ಆಗಸ್ಟ್‌ನಲ್ಲಿ ಶಾಂಘೈಗೆ ಹೋಗಿ ಮತ್ತೆ ವಿಶ್ವಕೂಟ ಗೆದ್ದಿತು. ಎರಡು ಸಲ ಗೆದ್ದ ಮೊದಲ ತಂಡ.

ಶಾಂಘೈನಲ್ಲಿ ಅವರು ಮಾಡಿದ ಕಿತಾಪತಿ ಕೇಳಬೇಕು. ಐಯೋ ಎಂಬ ಹೀರೋ ಇದೆ, ಮಾತು ಬಾರದ ಒಂದು ಬೆಳಕಿನ ಉಂಡೆ. ಗೆಳೆಯನಿಗೆ ಬೆಳಕಿನ ಹಗ್ಗ ಕಟ್ಟಿಕೊಂಡು, ತನಗೆ ಬಂದ ಚೈತನ್ಯವನ್ನು ಅವನಿಗೆ ಹರಿಸುವುದು ಅದರ ಕೆಲಸ; ಸಂಕಟ ಬಂದರೆ ಇಬ್ಬರೂ ಮೈದಾನದ ಯಾವ ಮೂಲೆಗೆ ಬೇಕಾದರೂ ಹಾರಿ ಹೋಗಿ ಮರಳಬಹುದು. ಸಪೋರ್ಟ್ ಎಂದರೆ ಐಯೋ ಎನ್ನುವಷ್ಟು ಗಟ್ಟಿಯಾದ ರೂಢಿ. ಓಜಿ ಅದನ್ನು ಎತ್ತಿ ತಂಡದ ಕ್ಯಾರಿ ಆನಾನ ಕೈಗೆ ಕೊಟ್ಟಿತು! ಚಿನ್ನವೆಲ್ಲ ಬೆಳಕಿನ ಉಂಡೆಗೆ. ಹಗ್ಗದ ಆ ತುದಿಯ ಗೆಳೆಯ ಯಾರನ್ನು ಹೊಡೆಯುತ್ತಾನೋ, ಉಂಡೆಯೂ ಅವರನ್ನೇ ಹೊಡೆಯುವಂಥ ವಿದ್ಯೆಯೊಂದು ಆಗಿನ ಆವೃತ್ತಿಯಲ್ಲಿತ್ತು. ಎಲ್ಲರ ಕಣ್ಣೆದುರೇ ಇತ್ತು. ಡ್ರಾಫ್ಟ್ ಪರದೆಯ ಮೇಲೆ ಐಯೋ ಬಂದಾಗ ಎದುರಾಳಿ ನಾಯಕ ಏನು ಮಾಡಬೇಕು? ಇದು ಐದನೆಯವನೋ ಒಂದನೆಯವನೋ? ಅದು ತಿಳಿಯದೆ ಯಾವ ಹೀರೋವನ್ನು ತಡೆಯುವುದು?

ನಮ್ಮವರ ಸುದ್ದಿಯೂ ಒಂದಿದೆ. 2019ರ ಏಪ್ರಿಲ್‌ನಲ್ಲಿ ಮುಂಬೈನಲ್ಲಿ ದೊಡ್ಡ ಅಂತರರಾಷ್ಟ್ರೀಯ ಡೋಟಾ ಪಂದ್ಯಾವಳಿ ನಡೆಯಿತು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಕೂಟದಲ್ಲಿ ಭಾರತದ ಡೋಟಾ ತಂಡ ನ್ಯೂಜಿಲೆಂಡನ್ನು ಮಣಿಸಿ ಕಂಚು ತಂದಿತು. ಪತ್ರಿಕೆಗಳ ಕ್ರೀಡಾಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದಿದ್ದರೆ ಹೆಚ್ಚು.

ಮತ್ತೆ ಓಜಿಗೆ ಬಂದರೆ, ಅದರ ನಾಯಕನ ಹೆಸರನ್ನು ಬೇಕೆಂದೇ ಇಲ್ಲಿಯವರೆಗೆ ಹೇಳಲಿಲ್ಲ. ಅವನು ಡೆನ್ಮಾರ್ಕಿನ ಯೊಹಾನ್ ಸುಂಡ್‌ಸ್ಟೈನ್, ಆಟದ ಹೆಸರು ನೋಟೇಲ್. 2018ರ ಗೆಲುವಿಗೆ ತಂಡಕ್ಕೆ ಬಂದದ್ದು 1 ಕೋಟಿ 12 ಲಕ್ಷ ಡಾಲರ್, 2019ರಲ್ಲಿ 1 ಕೋಟಿ 56 ಲಕ್ಷ. ಆ ಎರಡು ಗೆಲುವುಗಳ ನಂತರ, ಜಗತ್ತಿನ ಎಲ್ಲ ವಿಡಿಯೋ ಆಟಗಳಲ್ಲಿ ಬಹುಮಾನದಿಂದಲೇ ಅತಿ ಹೆಚ್ಚು ಗಳಿಸಿದವರ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಹೆಸರು ಅವನದೇ. ಅವನ ಪಾಲಿನ ಮೊತ್ತ 70 ಲಕ್ಷ ಡಾಲರ್ ದಾಟಿತ್ತು. ಆ ಎರಡೂ ವಿಶ್ವಕೂಟಗಳಲ್ಲಿ ನೋಟೇಲ್ ಆಡಿದ ಜಾಗ ಪೊಸಿಷನ್ ಫೈವ್. ಮೈದಾನದಲ್ಲಿ ಎಲ್ಲರಿಗಿಂತ ಕಡಿಮೆ ಚಿನ್ನ ಸಿಗುವ ಜಾಗ, ವಾರ್ಡ್ ನೆಡುವವನ ಜಾಗ.